ಡಾಂಗ್ ಝುವೊನನ್ನು ಕೆಡವಿದ್ದು ಒಬ್ಬ ಹೆಣ್ಣೇ?

ಓದುಗರ ಪ್ರಶ್ನೆ: ನಮ್ಮ ಹವ್ಯಾಸಿ ರಂಗತಂಡಕ್ಕಾಗಿ ಪ್ರಾಚೀನ ಚೀನಾದ ಸೇನಾನಾಯಕ ಡಾಂಗ್ ಝುವೊನ ಬಗ್ಗೆ ಒಂದೂವರೆ ಗಂಟೆಯ ನಾಟಕ ಬರೆಯುತ್ತಿದ್ದೇನೆ. ಚೀನೀ ಧಾರಾವಾಹಿ, ಮಗ ಆಡುವ ವಿಡಿಯೊ ಗೇಮ್ ನೋಡಿ ಹುಟ್ಟಿದ ಆಸಕ್ತಿ ಇದು. ಅವುಗಳಲ್ಲಿ ಮಂತ್ರಿ ವಾಂಗ್ ಯುನ್, ಡಿಯಾವೊಚಾನ್ ಎಂಬ ಸುಂದರಿಯನ್ನು ವೀರ ಲ್ಯೂ ಬುಗೆ ಕೊಡುತ್ತೇನೆಂದು ಮಾತು ಕೊಟ್ಟು, ಆಮೇಲೆ ಡಾಂಗ್ ಝುವೊನಿಗೆ ಒಪ್ಪಿಸಿ, ಇಬ್ಬರ ನಡುವೆ ಕಿಚ್ಚು ಹಚ್ಚುತ್ತಾನೆ. ನಮ್ಮ ವಿಷಕನ್ಯೆಯ ಕಥೆಯ ಹಾಗೇ ಇದೆ. ಆದರೆ ಗೆಳೆಯರೊಬ್ಬರು ‘ಆಕೆ ಇರಲೇ ಇಲ್ಲ’ ಅನ್ನುತ್ತಾರೆ. ಹಾಗಾದರೆ ಅವನು ಬಿದ್ದದ್ದು ಹೇಗೆ? ಬರೀ ಮೂರು ಸಾವಿರ ಜನರೊಂದಿಗೆ ಬಂದವನು ಸಾಮ್ರಾಜ್ಯ ಹಿಡಿದದ್ದು ಹೇಗೆ? ಕೈಗೆ ಬಂದ ರಾಜಧಾನಿಯನ್ನು ತಾನೇ ಸುಟ್ಟದ್ದೇಕೆ? ಬೇರೆ ದಾರಿ ಇತ್ತೇ? ಸುಳ್ಳನ್ನು ರಂಗಕ್ಕೆ ತರುತ್ತಿದ್ದೇನೆಯೇ ಎಂಬ ಅಳುಕು ಬಿಡುತ್ತಿಲ್ಲ.

ಉತ್ತರ:

ನಿಮ್ಮ ಗೆಳೆಯರು ಹೇಳಿದ್ದು ಸರಿ. ಡಿಯಾವೊಚಾನ್ ಇತಿಹಾಸದ ವ್ಯಕ್ತಿಯಲ್ಲ. ಆದರೆ ಆ ಕಥೆ ಗಾಳಿಯಲ್ಲಿ ಹುಟ್ಟಿದ್ದೂ ಅಲ್ಲ, ಅದಕ್ಕೊಂದು ಬೀಜವಿದೆ. ಮೊದಲು ಅದನ್ನೇ ಬಿಡಿಸೋಣ.

ಡಾಂಗ್ ಝುವೊ ಸತ್ತದ್ದು ಕ್ರಿ.ಶ. 192ರಲ್ಲಿ. ಅವನ ಬಗ್ಗೆ ನಮಗಿರುವ ಹಳೆಯ ಆಧಾರಗಳು ಮುಖ್ಯವಾಗಿ ಮೂರು: 3ನೇ ಶತಮಾನದಲ್ಲಿ ಚೆನ್ ಶೌ ಬರೆದ ಮೂರು ರಾಜ್ಯಗಳ ಚರಿತ್ರೆ, ಅದಕ್ಕೆ 429ರಲ್ಲಿ ಪೆಯ್ ಸೊಂಗ್‌ಝಿ ಸೇರಿಸಿದ ವಿಸ್ತಾರವಾದ ಟಿಪ್ಪಣಿ, 5ನೇ ಶತಮಾನದಲ್ಲಿ ಫಾನ್ ಯೆ ಬರೆದ ನಂತರದ ಹಾನ್ ಸಾಮ್ರಾಜ್ಯದ ಚರಿತ್ರೆ. ಈ ಮೂರರಲ್ಲೂ ಡಿಯಾವೊಚಾನ್ ಎಂಬ ಹೆಸರಿಲ್ಲ. ಇರುವುದು ಇಷ್ಟು: ಲ್ಯೂ ಬು ಒಳಮನೆಯ ಕಾವಲಿಗಿದ್ದಾಗ ಡಾಂಗ್ ಝುವೊನ ಒಬ್ಬ ದಾಸಿಯೊಂದಿಗೆ ಅವನಿಗೆ ಗುಟ್ಟಾದ ಸಂಬಂಧ ಬೆಳೆಯಿತು, ಅದು ಬಯಲಾದರೆ ಏನು ಗತಿ ಎಂದು ಅವನು ಹೆದರಿದ್ದ. ದಾಸಿಯ ಹೆಸರನ್ನು ಯಾರೂ ಬರೆದಿಡಲಿಲ್ಲ. ಆಕೆಯನ್ನು ವಾಂಗ್ ಯುನ್ ಕಳಿಸಿದ್ದ ಎಂಬ ಸುಳಿವೂ ಇಲ್ಲ. ಡಿಯಾವೊಚಾನ್ ಎಂಬುದೇ ಮೂಲದಲ್ಲಿ ಆಸ್ಥಾನಿಕರ ಟೋಪಿಯ ಅಲಂಕಾರದ ಹೆಸರು, ಒಂದು ಪ್ರಾಣಿಯ ಬಾಲದ ತುಪ್ಪಳ ಮತ್ತು ಜೀರುಂಡೆಯ ಆಕಾರದ ಒಡವೆ. ಸಾವಿರಕ್ಕೂ ಹೆಚ್ಚು ವರ್ಷಗಳ ನಂತರ ಕಥೆಗಾರರೂ ನಾಟಕಕಾರರೂ ಆ ಹೆಸರಿಲ್ಲದ ದಾಸಿಗೆ ಹೆಸರು, ರೂಪ, ಸಂಚು ಎಲ್ಲವನ್ನೂ ಕೊಟ್ಟರು.

ಹೀಗೆಯೇ ಸೇರಿಕೊಂಡ ಇನ್ನೂ ಮೂರು ಸಂಗತಿಗಳನ್ನು ನಿಮ್ಮ ಕರಡಿನಲ್ಲಿ ಹುಡುಕಿ ನೋಡಿ. ಡಾಂಗ್ ಝುವೊನ ಸೇನಾನಿ ಹುವಾ ಶಿಯೊಂಗ್‌ನನ್ನು ವೀರ ಗುವಾನ್ ಯು ಕೊಂದ ಎಂಬುದು ಈ ಕಾಲದ ಬಗ್ಗೆ ಶತಮಾನಗಳ ನಂತರ ಬಂದ ಪ್ರಸಿದ್ಧ ಕಾದಂಬರಿಯ ಮಾತು. ಅವನನ್ನು 191ರಲ್ಲಿ ಯಾಂಗ್‌ರೆನ್ ಎಂಬಲ್ಲಿ ಸೋಲಿಸಿ ಕೊಂದದ್ದು ಎದುರಾಳಿ ದಂಡನಾಯಕ ಸುನ್ ಜಿಯಾನ್‌ನ ಸೈನ್ಯ. ಹುಲಾವೊ ಕಣಿವೆಯಲ್ಲಿ ಗುವಾನ್ ಯು ಮತ್ತು ಅವನ ಇಬ್ಬರು ಆಣೆಯ ಸಹೋದರರು ಲ್ಯೂ ಬುವಿನೊಡನೆ ಸೆಣಸಿದ ಕಾಳಗ ನಡೆದೇ ಇಲ್ಲ. ಮುಂದೆ ಅಧಿಕಾರ ಹಿಡಿದ ಸೇನಾನಾಯಕ ತ್ಸಾವ್ ತ್ಸಾವ್ ರತ್ನದ ಕಠಾರಿ ಹಿಡಿದು, ಮಲಗಿದ್ದ ಡಾಂಗ್ ಝುವೊನ ಮೇಲೆ ಬಿದ್ದ ದೃಶ್ಯವೂ ಕಟ್ಟುಕಥೆ. ನಿಜವಾಗಿ ಕತ್ತಿ ಎತ್ತಿದವನು ವು ಫು ಎಂಬ ಅಧಿಕಾರಿ. ಮಾತು ಮುಗಿಸಿ ಹೊರಟವನನ್ನು ಡಾಂಗ್ ಝುವೊ ಬಾಗಿಲವರೆಗೆ ಬೀಳ್ಕೊಡಲು ಬಂದು ಬೆನ್ನು ತಟ್ಟಿದ. ಆ ಕ್ಷಣ ವು ಫು ಉಡುಪಿನೊಳಗಿಂದ ಕತ್ತಿ ಸೆಳೆದು ಇರಿದ. ಗುರಿ ತಪ್ಪಿತು, ಅವನದೇ ಪ್ರಾಣ ಹೋಯಿತು. ಇಂಥ ದೃಶ್ಯ ದಾಖಲೆಯಲ್ಲೇ ಇರುವಾಗ ರತ್ನದ ಕಠಾರಿ ನಿಮಗೇಕೆ?

ಒಂದು ಎಚ್ಚರಿಕೆ ಮಾತ್ರ ಬೇಕು. ಡಾಂಗ್ ಝುವೊನ ವಂಶ ಪೂರ್ತಿ ಅಳಿಸಿಹೋಯಿತು, ಅವನ ಪರವಾಗಿ ಬರೆಯುವವರು ಯಾರೂ ಉಳಿಯಲಿಲ್ಲ. ಕ್ರೌರ್ಯದ ಒಂದೊಂದು ವಿವರವನ್ನೂ ಬರೆದವರು ಅವನನ್ನು ದ್ವೇಷಿಸಿದವರು, ಇಲ್ಲವೇ ಅವರ ನಂತರ ಬಂದವರು. ಕ್ರೌರ್ಯ ಸುಳ್ಳೆಂದು ಇದರರ್ಥವಲ್ಲ. ಬರೀ ಕ್ರೌರ್ಯದಿಂದಲೇ ಅವನನ್ನು ವಿವರಿಸಿದರೆ ಅವನು ಏರಿದ್ದು ಹೇಗೆಂಬುದೇ ಅರ್ಥವಾಗುವುದಿಲ್ಲ, ನಾಟಕವೂ ಚಪ್ಪಟೆಯಾಗುತ್ತದೆ.

ಇನ್ನು ಮೂರು ಸಾವಿರದ ಪ್ರಶ್ನೆ. ಇದರ ಉತ್ತರ ರಾಜಧಾನಿಯಲ್ಲಿಲ್ಲ, ವಾಯವ್ಯದ ಗಡಿಯಲ್ಲಿದೆ.

ಡಾಂಗ್ ಝುವೊ ಲಿಯಾಂಗ್ ಪ್ರಾಂತ್ಯದ ಲಿಂತಾವೊ ಊರಿನವನು, ಇಂದಿನ ಗಾನ್ಸು ಕಡೆಯವನು. ಅಲ್ಲಿ ಚಿಯಾಂಗ್ ಬುಡಕಟ್ಟುಗಳೊಂದಿಗೆ ಹಾನ್ ಸಾಮ್ರಾಜ್ಯ ತಲೆಮಾರುಗಳಿಂದ ಕಾದುತ್ತಿತ್ತು. ಅವನು ಹರೆಯದಲ್ಲೇ ಚಿಯಾಂಗ್ ನಾಯಕರೊಂದಿಗೆ ಒಡನಾಡಿದ್ದ. ಓಡುವ ಕುದುರೆಯ ಮೇಲಿಂದ ಎಡಕ್ಕೂ ಬಲಕ್ಕೂ ಬಾಣ ಬಿಡಬಲ್ಲವನಾಗಿದ್ದ. 167ರಲ್ಲಿ ಒಂದು ದಂಡಯಾತ್ರೆ ಗೆದ್ದದ್ದಕ್ಕೆ ಆಸ್ಥಾನ ಅವನಿಗೆ 9,000 ತಾನು ರೇಷ್ಮೆ ಬಟ್ಟೆ ಇನಾಮು ಕೊಟ್ಟಿತು. ಕೆಲಸ ನನ್ನದಾದರೂ ಫಲ ಸೈನಿಕರದು ಎಂದು ಅಷ್ಟನ್ನೂ ಹಂಚಿಬಿಟ್ಟ. ಈ ಒಂದು ಘಟನೆಯನ್ನು ನಾಟಕದಲ್ಲಿ ಬಿಡಬೇಡಿ. ಮುಂದೆ ನಡೆಯುವುದೆಲ್ಲ ಇದರ ಬಡ್ಡಿ.

ಗಡಿಯ ಸೈನಿಕನಿಗೆ ರಾಜಧಾನಿಯ ಮೇಲೆ ಭರವಸೆ ಇರಲಿಲ್ಲ. ಸಂಬಳ ತಡವಾಗುತ್ತಿತ್ತು, ರೇಷನ್ ನಿಲ್ಲುತ್ತಿತ್ತು. ಇಡೀ ಲಿಯಾಂಗ್ ಪ್ರಾಂತ್ಯವನ್ನೇ ಕೈಬಿಟ್ಟುಬಿಡೋಣ ಎಂಬ ಮಾತು ಆಸ್ಥಾನದಲ್ಲಿ ಮತ್ತೆ ಮತ್ತೆ ಬರುತ್ತಿತ್ತು. ಹೀಗಿರುವಾಗ ಆ ಸೈನಿಕನ ಪಾಲಿಗೆ ಚಕ್ರವರ್ತಿ ದೂರದ ಹೆಸರು, ಅನ್ನ ಕೊಡುವವನು ದಂಡನಾಯಕ. ಆಸ್ಥಾನಕ್ಕೂ ಇದು ಗೊತ್ತಿತ್ತು. ಅದಕ್ಕೇ ಡಾಂಗ್ ಝುವೊನನ್ನು ಸೈನ್ಯದಿಂದ ಬಿಡಿಸಲು ಎರಡು ಸಲ ಪ್ರಯತ್ನಿಸಿತು. ಮೊದಲು ರಾಜಧಾನಿಯಲ್ಲಿ ದೊಡ್ಡ ಹುದ್ದೆ ಕೊಟ್ಟು ಕರೆಸಿತು. ನನ್ನ ಸೈನಿಕರಿಗೆ ಸಂಬಳವಿಲ್ಲ, ಅವರ ಹೆಂಡತಿ ಮಕ್ಕಳು ಹಸಿವಿನಿಂದ, ಚಳಿಯಿಂದ ನರಳುತ್ತಿದ್ದಾರೆ, ನನ್ನ ಗಾಡಿಯನ್ನೇ ಹಿಡಿದು ಬಿಡುತ್ತಿಲ್ಲ ಎಂದು ಉತ್ತರ ಬರೆದ. 189ರಲ್ಲಿ ಬಿಂಗ್ ಪ್ರಾಂತ್ಯದ ಅಧಿಪತಿಯಾಗು, ಸೈನ್ಯವನ್ನು ದಂಡನಾಯಕ ಹುವಾಂಗ್‌ಫು ಸೊಂಗ್‌ಗೆ ಒಪ್ಪಿಸು ಎಂಬ ಆಜ್ಞೆ ಬಂತು. ಹತ್ತು ವರ್ಷ ಜೊತೆಗಿದ್ದವರನ್ನು ಬಿಟ್ಟಿರಲಾರೆ ಎಂದು ಮತ್ತೆ ಬರೆದು, ಪಡೆಯೊಂದಿಗೆ ರಾಜಧಾನಿ ಲುವೊಯಾಂಗ್‌ಗೆ ಸಮೀಪದ ಹೆದೊಂಗ್‌ನಲ್ಲಿ ಬೀಡುಬಿಟ್ಟ. ಹುವಾಂಗ್‌ಫು ಸೊಂಗ್‌ನ ಸೋದರನ ಮಗ, ಈಗಲೇ ಇವನ ಮೇಲೆ ಬೀಳೋಣ ಎಂದ. ಆಜ್ಞೆಯಿಲ್ಲದೆ ಯುದ್ಧ ಮಾಡುವುದೂ ಅಪರಾಧವೇ ಎಂದು ಸೊಂಗ್ ಬರೀ ವರದಿ ಕಳಿಸಿ ಸುಮ್ಮನಾದ.

ಆ ವರ್ಷ ಮೇ ತಿಂಗಳಲ್ಲಿ ಚಕ್ರವರ್ತಿ ಲಿಂಗ್ ತೀರಿಕೊಂಡ. ಪಟ್ಟಕ್ಕೆ ಬಂದ ಹುಡುಗನ ಸೋದರಮಾವ, ಮಹಾದಂಡನಾಯಕ ಹೆ ಜಿನ್, ಅರಮನೆಯ ನಪುಂಸಕ ಅಧಿಕಾರಿಗಳನ್ನು ಹೆದರಿಸಲು ಗಡಿಯ ಸೈನ್ಯಗಳನ್ನು ಕರೆಸಿದ. ಅವು ಬರುವಷ್ಟರಲ್ಲಿ ಸೆಪ್ಟೆಂಬರ್‌ನಲ್ಲಿ ಆ ನಪುಂಸಕರೇ ಹೆ ಜಿನ್‌ನ ತಲೆ ಕಡಿದರು. ಸೇಡಿಗೆ ದೊಡ್ಡ ಮನೆತನದ ಯುವಾನ್ ಶಾವೊ ಮತ್ತು ಸಂಗಡಿಗರು ಅರಮನೆಗೆ ನುಗ್ಗಿ 2,000ಕ್ಕೂ ಹೆಚ್ಚು ಮಂದಿಯನ್ನು ಕೊಂದರು. ಗಡ್ಡವಿಲ್ಲದ ತಪ್ಪಿಗೆ ಸತ್ತವರೂ ಅವರಲ್ಲಿದ್ದರು. ಬಾಲ ಚಕ್ರವರ್ತಿಯೂ ಅವನ ತಮ್ಮನೂ ರಾತ್ರಿ ಹಳದಿ ನದಿಯ ಕಡೆಗೆ ಓಡಿ, ಮರಳಿ ಬರುವ ದಾರಿಯಲ್ಲಿ ಡಾಂಗ್ ಝುವೊನ ಕೈಗೆ ಸಿಕ್ಕರು.

ಹೀಗಾಗಿ ಅವನು ಲುವೊಯಾಂಗ್ ಹೊಕ್ಕಾಗ ಅಲ್ಲಿ ಎರಡು ಬಣಗಳೂ ಒಂದನ್ನೊಂದು ತಿಂದು ಮುಗಿಸಿದ್ದವು. ಅವನ ಬಳಿ ಇದ್ದದ್ದು 3,000ಕ್ಕೆ ಮೀರದ ಪಡೆ. ಅದನ್ನೇ ನಾಲ್ಕೈದು ದಿನಕ್ಕೊಮ್ಮೆ ರಾತ್ರಿ ಗುಟ್ಟಾಗಿ ಹೊರಗೆ ಕಳಿಸಿ, ಬೆಳಗ್ಗೆ ಬಾವುಟ ಹಾರಿಸಿ, ನಗಾರಿ ಬಾರಿಸಿಕೊಂಡು ಒಳಗೆ ಬರುವಂತೆ ಮಾಡಿದ. ಪಶ್ಚಿಮದಿಂದ ದಂಡು ಬರುತ್ತಲೇ ಇದೆ ಎಂದು ಊರು ನಂಬಿತು. ನಾಯಕರಿಲ್ಲದ ಹೆ ಜಿನ್‌ನ ಪಡೆ ಅವನ ಕಡೆ ಸರಿಯಿತು. ಎದುರು ನಿಲ್ಲಬಲ್ಲವನಾಗಿದ್ದ ಡಿಂಗ್ ಯುವಾನ್‌ನನ್ನು ಅವನ ಬಲಗೈ ಲ್ಯೂ ಬುವಿನಿಂದಲೇ ಕೊಲ್ಲಿಸಿದ. ಪಡೆಯೂ ಬಂತು, ಲ್ಯೂ ಬುವೂ ಬಂದ, ತಂದೆ ಮಗನೆಂಬ ಆಣೆಯೂ ಆಯಿತು. ಇಷ್ಟಾದ ಮೇಲೆ ಮೂರು ಸಾವಿರ ಎಂಬ ಲೆಕ್ಕಕ್ಕೆ ಅರ್ಥವೇ ಉಳಿಯಲಿಲ್ಲ.

ಅಲ್ಲಿಂದ ಮುಂದೆ ಅವನು ಎದುರಿಸಿದ್ದು ಸೈನ್ಯದಿಂದ ಬಿಡಿಸಲಾಗದ ಸಮಸ್ಯೆ. ಸಾಮ್ರಾಜ್ಯ ನಡೆಯಬೇಕಾದರೆ ಜಿಲ್ಲೆ ಜಿಲ್ಲೆಯಲ್ಲೂ ಓದಿದ ಮನೆತನಗಳು ಸಹಕರಿಸಬೇಕು. ಇದು ಅವನಿಗೆ ತಿಳಿದಿರಲಿಲ್ಲವೆಂದು ಕಾದಂಬರಿ ಓದಿದವರು ಭಾವಿಸುತ್ತಾರೆ. ಚೆನ್ನಾಗಿ ತಿಳಿದಿತ್ತು. ಹಿಂದೆ ಅನ್ಯಾಯವಾಗಿ ಸತ್ತ ಮಂತ್ರಿಗಳ ಹೆಸರಿಗೆ ಮರ್ಯಾದೆ ಮರಳಿಸಿದ. ವಿದ್ವಾಂಸ ಶುನ್ ಶುವಾಂಗ್ ಕರೆ ಬಂದ 95ನೇ ದಿನಕ್ಕೆ ಅತ್ಯುನ್ನತ ಮೂರು ಪದವಿಗಳಲ್ಲೊಂದಕ್ಕೆ ಏರಿದ. ಮಹಾಪಂಡಿತ ತ್ಸಾಯ್ ಯೊಂಗ್‌ನನ್ನು ಹತ್ತಿರ ಕೂರಿಸಿಕೊಂಡ. ಹಾನ್ ಫು, ಲಿಯು ದಾಯ್ ಮುಂತಾದ ಮನೆತನಸ್ಥರಿಗೆ ಪೂರ್ವದ ಪ್ರಾಂತ್ಯಗಳನ್ನು ಕೊಟ್ಟ. ತನ್ನ ಗಡಿಯ ಬಂಟರಿಗೆ ಕೊಟ್ಟದ್ದು ಸೇನೆಯ ಹುದ್ದೆಗಳನ್ನು ಮಾತ್ರ.

ಆದರೆ ಅದೇ ಸೆಪ್ಟೆಂಬರ್‌ನಲ್ಲಿ ಪಟ್ಟದಲ್ಲಿದ್ದ ಹುಡುಗನನ್ನು ಇಳಿಸಿ ಅವನ ತಮ್ಮ ಲಿಯು ಶಿಯೆಯನ್ನು ಕೂರಿಸಿಬಿಟ್ಟಿದ್ದ. ರಾಜಮಾತೆಗೆ ವಿಷ ಹಾಕಿಸಿದ. ಯಾವ ಕಾನೂನಿನ ಬಲವೂ ಇಲ್ಲದ ಹೊರಗಿನವನೊಬ್ಬ ಚಕ್ರವರ್ತಿಯನ್ನು ಬದಲಿಸಿದ್ದನ್ನು ಯಾವ ಬಹುಮಾನವೂ ಮುಚ್ಚಲಾರದು. 190ರ ಆರಂಭದಲ್ಲಿ ಪೂರ್ವದ ಅಧಿಕಾರಿಗಳು ಯುವಾನ್ ಶಾವೊನನ್ನು ಮುಂದಿಟ್ಟು ದಂಗೆಯೆದ್ದರು. ಅವರಲ್ಲಿ ಅನೇಕರು ಡಾಂಗ್ ಝುವೊ ತಾನೇ ನೇಮಿಸಿದವರು! ಅವರನ್ನು ಶಿಫಾರಸು ಮಾಡಿದ್ದ ಇಬ್ಬರನ್ನು ಅವನು ಕೊಲ್ಲಿಸಿದ. ರಾಜಧಾನಿಯಲ್ಲಿದ್ದ ಯುವಾನ್ ಮನೆತನದ 50ಕ್ಕೂ ಹೆಚ್ಚು ಜನರನ್ನು ಕಡಿಸಿದ. ನನ್ನ ದೃಷ್ಟಿಯಲ್ಲಿ ಅವನ ಆಳ್ವಿಕೆ ಮುಗಿದದ್ದು ಈ ತಿಂಗಳುಗಳಲ್ಲಿ. ಆಮೇಲಿನ ಎರಡು ವರ್ಷ ಬರೀ ಕಾವಲು.

ರಾಜಧಾನಿ ಸುಟ್ಟದ್ದೇಕೆ ಎಂದು ಕೇಳಿದ್ದೀರಿ. ಸೋತು ಓಡಿದ್ದಲ್ಲ. ಪೂರ್ವದ ಕೂಟದಲ್ಲಿ ಲಕ್ಷಕ್ಕೂ ಮೀರಿ ಸೈನಿಕರಿದ್ದರೂ ನಾಯಕರು ದಿನವೂ ಔತಣದಲ್ಲಿ ಮುಳುಗಿದ್ದರು. ಮುಂದೆ ಬಂದ ತ್ಸಾವ್ ತ್ಸಾವ್‌ನನ್ನು ಡಾಂಗ್ ಝುವೊನ ಸೇನಾನಿ ಶು ರೊಂಗ್ ಸದೆಬಡಿದ. ದವಸ ಮುಗಿದೊಡನೆ ಕೂಟ ಚದುರಿತು. ಅವನಿಗೆ ನಿಜವಾದ ಹೆದರಿಕೆ ಇದ್ದದ್ದು ಬೆನ್ನ ಹಿಂದೆ. ಉತ್ತರದ ಹೆದೊಂಗ್‌ನಲ್ಲಿ ‘ಬಿಳಿ ಅಲೆ’ ಎಂಬ ದಂಗೆಕೋರರಿದ್ದರು. ಅವರು ದಕ್ಷಿಣಕ್ಕೆ ಇಳಿದರೆ ತವರಿನ ದಾರಿಯೇ ಕಡಿದುಹೋಗುತ್ತಿತ್ತು. ಅದಕ್ಕೇ 190ರ ವಸಂತದಲ್ಲಿ ಚಕ್ರವರ್ತಿಯನ್ನೂ ಲಕ್ಷಾಂತರ ಜನರನ್ನೂ ಸುಮಾರು 350 ಕಿ.ಮೀ. ಪಶ್ಚಿಮದ ಚಾಂಗಾನ್‌ಗೆ ಅಟ್ಟಿದ. ಕುದುರೆಯ ಕಾಲಡಿ, ಹಸಿವಿನಿಂದ, ಸುಲಿಗೆಯಿಂದ ಸತ್ತವರ ಹೆಣಗಳು ದಾರಿಯುದ್ದಕ್ಕೂ ಬಿದ್ದವು. ಅರಮನೆ, ಕಚೇರಿ, ಮನೆಗಳಿಗೆ ಬೆಂಕಿ ಬಿತ್ತು. ಸುತ್ತ 200 ಲೀ ದೂರ, ಅಂದರೆ 80 ಕಿ.ಮೀ. ಮೀರಿ, ಮನೆಯೆಂಬುದು ಉಳಿಯಲಿಲ್ಲ ಎನ್ನುತ್ತದೆ ಚರಿತ್ರೆ. ಚಕ್ರವರ್ತಿಗಳ ಗೋರಿಗಳನ್ನು ಅಗೆದು ಒಡವೆ ತೆಗೆಯುವ ಕೆಲಸ ಲ್ಯೂ ಬುವಿನದಾಯಿತು.

ಬೇರೆ ದಾರಿ ಇತ್ತೇ ಎಂಬ ಪ್ರಶ್ನೆಗೆ ಈಗ ಬರಬಹುದು. ಇತ್ತು, ಆದರೆ ಯಾವುದೂ ಸುಖದ ದಾರಿಯಲ್ಲ.

189ರಲ್ಲಿ ಆಜ್ಞೆ ಪಾಲಿಸಿ ಸೈನ್ಯ ಒಪ್ಪಿಸಬಹುದಿತ್ತು. ಆಗ ಏನಾಗುತ್ತಿತ್ತೆಂದು ಅವನ ಕಣ್ಣೆದುರೇ ಉದಾಹರಣೆಗಳಿದ್ದವು. ಲು ಝಿ ಎಂಬ ದಂಡನಾಯಕ ಲಂಚ ಕೊಡದ ಕಾರಣಕ್ಕೆ 184ರಲ್ಲಿ ಯುದ್ಧದ ನಡುವೆಯೇ ಪಂಜರದ ಗಾಡಿಯಲ್ಲಿ ರಾಜಧಾನಿಗೆ ಸಾಗಿದ. ದಂಗೆ ಅಡಗಿಸಿದ ಹುವಾಂಗ್‌ಫು ಸೊಂಗ್‌ನಿಂದಲೇ ನಪುಂಸಕರ ದೂರಿನ ಮೇಲೆ 6,000 ಮನೆಗಳ ಉಂಬಳಿ ಕಿತ್ತುಕೊಂಡರು. ಹಾಗಾಗಿ ಅವನು ಒಪ್ಪದಿದ್ದದ್ದನ್ನು ಬರೀ ದುರಾಸೆ ಎನ್ನಲಾಗದು.

ಲುವೊಯಾಂಗ್ ಹೊಕ್ಕ ಮೇಲೆ ಇದ್ದ ಚಕ್ರವರ್ತಿಯನ್ನೇ ಉಳಿಸಿಕೊಂಡು ಆಳಬಹುದಿತ್ತು. ರಾಜಮಾತೆ ಮತ್ತು ಯುವಾನ್ ಮನೆತನ ಮುಂದೊಂದು ದಿನ ಅವನನ್ನು ತೆಗೆಯುವ ಅಪಾಯ ಖಂಡಿತ ಇತ್ತು. ಆದರೂ ಇದೇ ಎಲ್ಲಕ್ಕಿಂತ ಕಡಿಮೆ ಅಪಾಯದ ದಾರಿ, ಏಕೆಂದರೆ ದಂಗೆಗೆ ನೆಪ ಸಿಗುತ್ತಿರಲಿಲ್ಲ. ಸುಮಾರು ಏಳು ವರ್ಷಗಳ ನಂತರ ತ್ಸಾವ್ ತ್ಸಾವ್ ಮಾಡಿದ್ದು ಇದನ್ನೇ. ಇದೇ ಲಿಯು ಶಿಯೆಯನ್ನು 196ರಲ್ಲಿ ಕರೆತಂದು, ಪಟ್ಟ ಅಲುಗಿಸದೆ, ಸಾಯುವವರೆಗೂ ಅವನ ಹೆಸರಿನಲ್ಲಿ ಆಳಿದ.

ಲುವೊಯಾಂಗ್‌ನಲ್ಲೇ ಉಳಿದು ಕಾದಿದ್ದರೆ ಬಿಳಿ ಅಲೆಯವರ ಅಪಾಯ ನಿಜ, ಆದರೆ ತೆರಿಗೆ, ದವಸ, ಕಚೇರಿ ಎಲ್ಲ ಉಳಿಯುತ್ತಿದ್ದವು. ಪಶ್ಚಿಮಕ್ಕೆ ಹೋದದ್ದರಿಂದ ಜೀವ ಉಳಿಯಿತು, ಖಜಾನೆ ಹೋಯಿತು. ಅದರ ಲೆಕ್ಕ ನಾಣ್ಯದಲ್ಲಿ ಕಾಣುತ್ತದೆ. ಹಾನ್ ಕಾಲದ ತಾಮ್ರದ ನಾಣ್ಯ ಸುಮಾರು 3 ಗ್ರಾಂ ತೂಗುತ್ತಿತ್ತು, ಅಂಚು ಕಟ್ಟಿ, ಅಕ್ಷರ ಮೂಡಿಸಿ, ಅರದಿಂದ ಉಜ್ಜಿರುತ್ತಿದ್ದರು. ಡಾಂಗ್ ಝುವೊ ಕಂಚಿನ ವಿಗ್ರಹ, ಗಂಟೆಗಳನ್ನೆಲ್ಲ ಕರಗಿಸಿ ಅಂಚಿಲ್ಲದ, ಅಕ್ಷರವಿಲ್ಲದ, ಉಜ್ಜದ ಪುಟ್ಟ ನಾಣ್ಯಗಳನ್ನು ಹೊಯ್ಯಿಸಿದ. ಮೊದಲ ಚಕ್ರವರ್ತಿಯ ಕಾಲದ ಭಾರೀ ಕಂಚಿನ ಮೂರ್ತಿಗಳೂ ಕುಲುಮೆಗೆ ಹೋದವು. ಒಳ್ಳೆಯ ಕಾಲದಲ್ಲಿ ನೂರರ ಆಸುಪಾಸಿನಲ್ಲಿದ್ದ ಒಂದು ಹು ದವಸದ ಬೆಲೆ, ಅಂದರೆ ಸುಮಾರು 20 ಲೀಟರಿನದು, ಲಕ್ಷಗಳಿಗೆ ಏರಿತೆಂದು ಚೆನ್ ಶೌ ಬರೆಯುತ್ತಾನೆ. ಜನ ನಾಣ್ಯ ಮುಟ್ಟುವುದನ್ನೇ ಬಿಟ್ಟರು. ಸಂಬಳ ಕೊಟ್ಟು ಸೈನ್ಯ ಗೆದ್ದವನ ಕೈಯಲ್ಲಿ ಈಗ ಬೆಲೆಯಿಲ್ಲದ ತಾಮ್ರ.

ಚಾಂಗಾನ್‌ನಿಂದ 260 ಲೀ ದೂರದ ಮೆಯ್‌ನಲ್ಲಿ ಅವನು ಕೋಟೆ ಕಟ್ಟಿಸಿ 30 ವರ್ಷದ ದವಸ ತುಂಬಿಸಿದ. ಗೆದ್ದರೆ ಲೋಕ ನನ್ನದು, ಇಲ್ಲದಿದ್ದರೆ ಇಲ್ಲೇ ಮುಪ್ಪು ಕಳೆಯುವೆ ಎಂದನಂತೆ. ಬಯಲ ಸೇನೆಯ ಮನುಷ್ಯ ಗೋಡೆಯೊಳಗೆ ಸೇರಿದ್ದೇ ಅವನ ಮನಸ್ಸು ಎಲ್ಲಿಗೆ ಬಂದು ನಿಂತಿತ್ತೆಂದು ಹೇಳುತ್ತದೆ.

ಕೊಲೆಗೆ ಬರೋಣ. ಇಲ್ಲಿ ಹೆಣ್ಣಿಗಿಂತ ಊರು ಮುಖ್ಯ. ಡಾಂಗ್ ಝುವೊನ ನೆಚ್ಚಿನ ಸೇನಾನಿಗಳು ಲಿಯಾಂಗ್‌ನವರು. ಲ್ಯೂ ಬು ಬಿಂಗ್ ಪ್ರಾಂತ್ಯದವನು, ಹೊರಗಿನವನು. ವಾಂಗ್ ಯುನ್ ಕೂಡ ಬಿಂಗ್‌ನವನು, ಒಂದೇ ಸೀಮೆಯ ಈ ನಂಟೇ ಇಬ್ಬರನ್ನು ಹತ್ತಿರ ತಂದದ್ದು. ಯಾವುದೋ ಸಣ್ಣ ತಪ್ಪಿಗೆ ಡಾಂಗ್ ಝುವೊ ಕೈಭರ್ಜಿ ಎತ್ತಿ ಲ್ಯೂ ಬುವಿನತ್ತ ಎಸೆದ. ಅವನು ತಪ್ಪಿಸಿಕೊಂಡು ಕ್ಷಮೆ ಕೇಳಿದ, ಒಳಗೆ ಮಾತ್ರ ಅದು ಉರಿಯುತ್ತಿತ್ತು. ದಾಸಿಯ ಗುಟ್ಟೂ ಸೇರಿ, ವಾಂಗ್ ಯುನ್‌ನ ಮುಂದೆ ಮನಸ್ಸು ಬಿಚ್ಚಿದ. ವಾಂಗ್ ಯುನ್ ಸಂಚು ತಿಳಿಸಿದಾಗ ಲ್ಯೂ ಬು, ನಾವು ತಂದೆ ಮಗನಲ್ಲವೇ ಎಂದ. ನಿನ್ನ ಮನೆತನ ಲ್ಯೂ, ಅವನ ರಕ್ತ ನಿನ್ನದಲ್ಲ, ಭರ್ಜಿ ಎಸೆದಾಗ ಅವನಿಗೆ ಮಗನೆಂಬ ನೆನಪಿತ್ತೇ ಎಂಬ ಅರ್ಥದ ಉತ್ತರ ಬಂತು.

192ರ ಮೇ 22. ಕಾಯಿಲೆಯಿಂದ ಎದ್ದ ಚಕ್ರವರ್ತಿಯನ್ನು ಕಾಣಲು ಎಲ್ಲರೂ ಅರಮನೆಗೆ ಬರಬೇಕಾದ ದಿನ. ದಾರಿಯ ಎರಡೂ ಬದಿಗೆ ಡಾಂಗ್ ಝುವೊನ ಸೈನಿಕರ ಸಾಲು. ಬಾಗಿಲಲ್ಲಿ ಕಾವಲುಗಾರರ ವೇಷದಲ್ಲಿ ಹತ್ತಾರು ಜನರೊಂದಿಗೆ ಲಿ ಸು ನಿಂತಿದ್ದ, ಅವನೂ ಲ್ಯೂ ಬುವಿನ ಸೀಮೆಯವನೇ. ಲಿ ಸು ಇರಿದಾಗ ಬಟ್ಟೆಯೊಳಗಿನ ಕವಚ ತಡೆಯಿತು, ತೋಳಿಗೆ ಗಾಯವಾಗಿ ಡಾಂಗ್ ಝುವೊ ಗಾಡಿಯಿಂದ ಉರುಳಿದ. ‘ಲ್ಯೂ ಬು ಎಲ್ಲಿ?’ ಎಂದು ಕೂಗಿದ. ದ್ರೋಹಿಯನ್ನು ದಂಡಿಸಲು ರಾಜಾಜ್ಞೆ ಇದೆ ಎನ್ನುತ್ತ ಲ್ಯೂ ಬು ಮುಂದೆ ಬಂದ. ಊರಿನ ಜನ ಒಡವೆ ಬಟ್ಟೆ ಮಾರಿ ಹೆಂಡ ಮಾಂಸ ತಂದು ಬೀದಿಯಲ್ಲಿ ಕುಣಿದರು. ಮೆಯ್ ಕೋಟೆಯಲ್ಲಿ ಅವನ 90ರ ತಾಯಿಯನ್ನೂ ಬಿಡಲಿಲ್ಲ.

ಧಾರಾವಾಹಿಗಳು ಇಲ್ಲಿಗೆ ಮುಗಿಸುತ್ತವೆ. ನೀವು ದಯವಿಟ್ಟು ಮುಗಿಸಬೇಡಿ. ಯಜಮಾನ ಸತ್ತ, ಸೈನ್ಯ ಹಾಗೇ ಇತ್ತು. ವಾಂಗ್ ಯುನ್‌ನ ಮುಂದೆ ಎರಡು ದಾರಿಗಳಿದ್ದವು. ಒಂದು, ಲಿಯಾಂಗ್ ಸೈನಿಕರಿಗೆಲ್ಲ ಬಹಿರಂಗ ಕ್ಷಮೆ. ಇನ್ನೊಂದು, ಆ ಸೀಮೆಯವನೇ ಆದ, ಅವರು ಗೌರವಿಸುವ ಹುವಾಂಗ್‌ಫು ಸೊಂಗ್‌ನ ಕೈಗೆ ಅವರನ್ನು ಒಪ್ಪಿಸುವುದು. ತಪ್ಪೇ ಮಾಡದವರಿಗೆ ಕ್ಷಮೆ ಕೊಟ್ಟರೆ ದ್ರೋಹಿಗಳೆಂದು ಸಾರಿದಂತಾಗುತ್ತದೆ ಎಂದು ಮೊದಲನೆಯದನ್ನು ಬಿಟ್ಟ. ಪೂರ್ವದವರು ಸಂಶಯಪಟ್ಟಾರು ಎಂದು ಎರಡನೆಯದನ್ನೂ ಬಿಟ್ಟ. ಇತ್ತ ತ್ಸಾಯ್ ಯೊಂಗ್ ಸತ್ತವನಿಗಾಗಿ ಒಂದು ನಿಟ್ಟುಸಿರು ಬಿಟ್ಟದ್ದಕ್ಕೆ ಸೆರೆಯಲ್ಲಿ ಪ್ರಾಣ ಬಿಟ್ಟ. ಲಿಯಾಂಗ್‌ನವರನ್ನೆಲ್ಲ ಕೊಲ್ಲುತ್ತಾರಂತೆ ಎಂಬ ಸುದ್ದಿ ಹಬ್ಬಿತು. ಚದುರಿ ಊರಿಗೆ ಓಡಲು ಸಿದ್ಧರಾಗಿದ್ದ ಲಿ ಜುಯೆ, ಗುವೊ ಸಿ ಮುಂತಾದ ಡಾಂಗ್ ಝುವೊನ ಸೇನಾನಿಗಳಿಗೆ, ಜೊತೆಗಿದ್ದ ಜಿಯಾ ಶು ಬುದ್ಧಿ ಹೇಳಿದ: ಒಬ್ಬೊಬ್ಬರೇ ಹೋದರೆ ಒಂದು ಹಳ್ಳಿಯ ಠಾಣೆಯವನೂ ನಿಮ್ಮನ್ನು ಕಟ್ಟಿಹಾಕುತ್ತಾನೆ, ಒಟ್ಟಾಗಿ ಚಾಂಗಾನ್‌ಗೆ ನುಗ್ಗಿ. ಕೆಲವು ಸಾವಿರ ಹೊರಟವರು ತಲುಪುವಾಗ ಲಕ್ಷ ಮೀರಿದ್ದರು. ಎಂಟು ದಿನಕ್ಕೆ ಕೋಟೆ ಬಿತ್ತು. ವಾಂಗ್ ಯುನ್ ಸತ್ತ. ಲ್ಯೂ ಬು ಡಾಂಗ್ ಝುವೊನ ತಲೆಯನ್ನು ಜೀನಿಗೆ ಕಟ್ಟಿಕೊಂಡು ಕೆಲವೇ ನೂರು ಸವಾರರೊಂದಿಗೆ ಪರಾರಿಯಾದ.

ನಾಟಕದ ಮಟ್ಟಿಗೆ ನಿಮಗೆ ಮೂರು ಆಯ್ಕೆಗಳಿವೆ. ಡಿಯಾವೊಚಾನ್‌ಳನ್ನು ಇಟ್ಟುಕೊಳ್ಳಬಹುದು, ನಾಟಕಕ್ಕೆ ಆ ಹಕ್ಕಿದೆ. ಕರಪತ್ರದಲ್ಲಿ ‘ಜನಪ್ರಿಯ ಕಥೆಯ ಆಧಾರದಿಂದ’ ಎಂದು ಬರೆದರೆ ಅಳುಕೂ ಬೇಡ. ಅಪಾಯವೆಂದರೆ ಪ್ರೇಕ್ಷಕ ಆಕೆಯನ್ನಷ್ಟೇ ನೆನಪಿಟ್ಟುಕೊಂಡು ಮನೆಗೆ ಹೋಗುತ್ತಾನೆ. ಆಕೆಯನ್ನು ಪೂರ್ತಿ ಬಿಟ್ಟರೆ ಲ್ಯೂ ಬುವಿನ ಭಯದ ಅರ್ಧ ಕಾರಣ ಮಾಯವಾಗುತ್ತದೆ. ನಾನಾದರೆ ಮೂರನೆಯದನ್ನು ಆರಿಸುವೆ: ದಾಸಿಯನ್ನು ದಾಸಿಯಾಗಿಯೇ, ಹೆಸರಿಲ್ಲದೆ, ತನ್ನ ಜೀವಕ್ಕೆ ತಾನೇ ಹೆದರಿದ ಹೆಣ್ಣಾಗಿ ಬರೆಯಿರಿ. ಮೇಳವನ್ನು ಗಡಿಯ ಸೈನಿಕರಾಗಿಸಿ. ರೇಷ್ಮೆ ಹಂಚಿಕೊಳ್ಳುವಾಗಲೂ ಅವರೇ, ನಗಾರಿ ಬಾರಿಸುತ್ತ ಮತ್ತೆ ಮತ್ತೆ ಊರು ಹೊಕ್ಕವರೂ ಅವರೇ, ಕೊನೆಗೆ ಚಾಂಗಾನ್ ಗೋಡೆ ಹತ್ತುವವರೂ ಅವರೇ ಆಗಲಿ. ಎಂಟು ಜನ ನಟರಿದ್ದರೂ ಸಾಕು, ಮೂರು ಸಾವಿರದ ಆಟ ರಂಗದ ಮೇಲೆಯೇ ನಡೆದುಹೋಗುತ್ತದೆ.

ಹಾಡು ಬೇಕಿದ್ದರೆ ಆ ಕಾಲದ ಮಕ್ಕಳು ಹಾಡುತ್ತಿದ್ದ ಒಂದು ಪದ ಚರಿತ್ರೆಯಲ್ಲೇ ಉಳಿದಿದೆ. ‘ಸಾವಿರ ಲೀ ಹುಲ್ಲು, ಎಷ್ಟು ಹಸಿರು ಹಸಿರು! ಹತ್ತು ದಿನದ ಶಕುನ, ಬದುಕಿ ಉಳಿಯದು’ ಎಂಬುದು ಅದರ ಅರ್ಥ. ಸಾವಿರ, ಲೀ, ಹುಲ್ಲು ಎಂಬ ಮೂರು ಚೀನೀ ಅಕ್ಷರ ಸೇರಿದರೆ ಡಾಂಗ್ ಆಗುತ್ತದೆ. ಹತ್ತು, ದಿನ, ಶಕುನ ಸೇರಿದರೆ ಝುವೊ. ಸಾಮಾನ್ಯವಾಗಿ ಅಕ್ಷರವನ್ನು ಮೇಲಿನಿಂದ ಕೆಳಗೆ ಬಿಡಿಸುತ್ತಾರೆ. ಇಲ್ಲಿ ಕೆಳಗಿನಿಂದ ಮೇಲೆ ಬಿಡಿಸಿರುವುದು, ಕೆಳಗಿನವನು ಒಡೆಯನ ಮೇಲೇರಿದ್ದರ ಗುರುತು ಎಂದು ಹಳೆಯ ವ್ಯಾಖ್ಯಾನ. ಕನ್ನಡದಲ್ಲಿ ಈ ಶ್ಲೇಷೆ ಬಾರದು. ಆರು ಮಕ್ಕಳ ಕೈಗೆ ಒಂದೊಂದು ಅಕ್ಷರದ ಫಲಕ ಕೊಟ್ಟು, ಹಾಡುತ್ತ ಕೆಳಗಿನಿಂದ ಮೇಲಕ್ಕೆ ಜೋಡಿಸಲು ಹೇಳಿ. ಹೆಸರು ಪೂರ್ತಿಯಾಗುವ ಹೊತ್ತಿಗೆ ಸರಿಯಾಗಿ ಅವನು ರಂಗಕ್ಕೆ ಬರಲಿ.